ಸೂಜಿಯ ದರ ಇಳಿದ ದಿನ

“ಅವ್ವಾ, ಜಮೀಲಮ್ಮ ಆ ಹಳೇ ಸೂಜಿ ಎಲ್ಲಾ ಒಯ್ದು ಏನ್ ಅಡಗಿ ಮಾಡ್ತಾಳ?”

ನನ್ನ ಮಗಳು ಆದೆಮ್ಮ ಹೀಗೆ ಕೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳಿಗೆ ಆಗ ಐದು ವರ್ಷ. ಭಾಂಡೆ, ಪಾತ್ರೆ ಮಾರುವವಳು ಏನು ತೆಗೆದುಕೊಂಡರೂ ಅದು ಒಲೆಯ ಮೇಲೆಯೇ ಹೋಗಬೇಕು ಎಂದು ಅವಳು ತಿಳಿದಿದ್ದಳು. ನನ್ನ ಕೈಯೆಲ್ಲ ಹಿಟ್ಟು, ಹಂಚು ಕಾದಿತ್ತು. “ಸಾರು ಮಾಡ್ತಾಳ, ಸುಮ್ನ ಕುಂದ್ರು” ಎಂದುಬಿಟ್ಟೆ. ಮರುದಿನ ಹೊತ್ತೇರುವುದರೊಳಗೆ ಓಣಿಯ ಮಕ್ಕಳಿಗೆಲ್ಲ ಜಮೀಲಾಬೀ ಸೂಜಿಯ ಸಾರು ಮಾಡುವ ಸುದ್ದಿ ತಿಳಿದಿತ್ತು. ಮೂರನೆಯ ದಿನ ಪಕ್ಕದ ಮನೆಯ ಮುದುಕಿ ಬಂದು, ಆ ಸಾರಿಗೆ ಹುಣಸೆಹಣ್ಣು ಹಾಕುತ್ತಾರೋ ಇಲ್ಲವೋ ಎಂದು ನನ್ನನ್ನೇ ಕೇಳಿದಳು. ಅವಳು ತಮಾಷೆಗೆ ಕೇಳಿದಳೋ ನಿಜಕ್ಕೂ ಕೇಳಿದಳೋ ಇಂದಿಗೂ ನನಗೆ ಖಾತ್ರಿಯಿಲ್ಲ.

ಜಮೀಲಾಬೀಯ ವಿಷಯ ನನ್ನ ಡೈರಿಯಲ್ಲಿ ಅಲ್ಲಲ್ಲಿ ಚೆದುರಿಕೊಂಡಿದೆ. ಹಾಲಿನವನು ಬಾರದ ದಿನ, ಮಗಳ ಕೆಮ್ಮು, ನೀರು ಬಿಟ್ಟ ಹೊತ್ತು, ಇವುಗಳ ನಡುವೆ ಅವಳಿದ್ದಾಳೆ. ಮಗಳಿಗೆ ಸರಿಯಾದ ಉತ್ತರ ಕೊಡಬೇಕಲ್ಲ ಎಂದು ಅದನ್ನೆಲ್ಲ ಒಂದು ಕಡೆ ಕೂಡಿಸಿ ಬರೆಯುತ್ತಿದ್ದೇನೆ.

ಇದು ತೊಂಬತ್ತೈದನೆಯ ಇಸವಿಯ ಮಾತು. ನಾವು ಸಿಂಧನೂರಿನಲ್ಲಿ, ಗಂಗಾವತಿ ರಸ್ತೆಯ ಒಂದು ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇದ್ದೆವು. ನಮ್ಮವರು ಮಸ್ಕಿಯ ಶಾಲೆಯಲ್ಲಿ ಮಾಸ್ತರು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಜಮೀಲಾಬೀಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳು ಸೀನಿದರೆ ನಮ್ಮ ಗೂಡಿನಲ್ಲಿದ್ದ ಲೋಟ ನಡುಗುತ್ತಿತ್ತು.

ಅವಳು ಲಿಂಗಸುಗೂರಿನ ಹೆಣ್ಣುಮಗಳು. ಗಂಡ ಹುಸೇನ್‌ಸಾಬ್ ಕಾಲುವೆಯ ಕೆಲಸಕ್ಕೆಂದು ಸಿಂಧನೂರಿಗೆ ಬಂದವನು, ಎಂಬತ್ತರ ಹೊತ್ತಿಗೆ ತೀರಿಕೊಂಡ. ಅವನ ದಿನ ಕಳೆದ ಮೇಲೆ ಅವಳು ತಲೆಯ ಮೇಲೆ ಬುಟ್ಟಿ ಹೊತ್ತಳು. ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಭಾಂಡೆ ಕೊಡುವ ವ್ಯಾಪಾರ. ಕಾಲುವೆ ನೀರು ಬಂದು ಭತ್ತ ಬೆಳೆಯತೊಡಗಿದ ಮೇಲೆ ಹಳ್ಳಿಗಳಲ್ಲಿ ಎಲ್ಲರಿಗೂ ಸ್ಟೀಲಿನ ಹುಚ್ಚು ಹಿಡಿದಿತ್ತು. ಮುಕ್ಕುಂದ, ಬಳಗಾನೂರು, ಆಂಧ್ರದವರ ಕ್ಯಾಂಪುಗಳು, ವಾರಕ್ಕೊಮ್ಮೆ ಮಸ್ಕಿ, ತಿಂಗಳಿಗೊಮ್ಮೆ ತವರೂರು ಲಿಂಗಸುಗೂರು, ಹೀಗೆ ಅವಳ ತಿರುಗಾಟ. ಹಳೆಯ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು, ಎಷ್ಟು ಬೆಳಕು ಸೋರುತ್ತದೆ ಎಂದು. ನಂತರ ಅಂಚನ್ನು ಮೂಸುತ್ತಿದ್ದಳು. ಆಮೇಲೆ ಏನೂ ಹೇಳದೆ ಬುಟ್ಟಿಯಲ್ಲಿದ್ದ ಅತಿ ಸಣ್ಣ ಬಟ್ಟಲನ್ನು ತೆಗೆದು ಮುಂದಿಡುತ್ತಿದ್ದಳು. ಅಲ್ಲಿಂದ ಜಗಳ ಶುರು. ಆ ಜಗಳ ನೋಡಲಿಕ್ಕೆಂದೇ ಹೆಂಗಸರು ಕೆಲಸ ಬಿಟ್ಟು ಬರುತ್ತಿದ್ದರು.

ಅವಳಿಗೆ ಒಬ್ಬನೇ ಮಗ, ಅಲ್ಲಾಭಕ್ಷ್. ಲಾರಿಯ ಕ್ಲೀನರ್ ಆಗಿ ಸೇರಿ ಡ್ರೈವರ್ ಆದವನು. ಹೈದರಾಬಾದಿಗೆ ಅಕ್ಕಿ ಸಾಗಿಸುವ ದಾರಿಯಲ್ಲಿ ಒಮ್ಮೆ ನಡು ಹಿಡಿದುಕೊಂಡಿತಂತೆ. ಯಾರೋ ನೋವಿನ ಇಂಜೆಕ್ಷನ್ ಚುಚ್ಚಿದರಂತೆ. ನೋವು ಹೋಯಿತು, ಇಂಜೆಕ್ಷನ್ ಉಳಿಯಿತು. ಮಿಲ್ಲಿನ ಗೋಡೆಯ ಪಕ್ಕದ ಜಾಲಿ ಮರದ ಕೆಳಗೆ ಅದೇ ಚಟದ ಐದು ಜನ, ಅವನೂ ಸೇರಿ, ಕೂಡುತ್ತಿದ್ದರು. ಐವರಿಗೂ ಒಂದೇ ಗಾಜಿನ ಸಿರಿಂಜು, ಒಂದೇ ಸೂಜಿ. ಗೋಡೆಯ ಇಟ್ಟಿಗೆ ಸಂದಿಯಲ್ಲಿ ಅದನ್ನು ದೇವರಂತೆ ಇಟ್ಟಿದ್ದರು. ಆ ಐವರಲ್ಲಿ ಗ್ಯಾನಪ್ಪ ಎಂಬ ಕ್ಲೀನರ್ ಹುಡುಗ ಹಿಂದಿನ ವರ್ಷ ಸೊರಗಿ ಸೊರಗಿ ಸತ್ತ. ಉಳಿದವರು ಅವನ ಜಾಗಕ್ಕೆ ಇನ್ನೊಬ್ಬನನ್ನು ಸೇರಿಸಿಕೊಂಡರು. ಸೂಜಿ ಮಾತ್ರ ಅದೇ.

ಗ್ಯಾನಪ್ಪನ ಮಣ್ಣು ಮುಗಿಸಿ ಬಂದ ವಾರ ಜಮೀಲಾಬೀ ಲಿಂಗಸುಗೂರಿಗೆ ಹೋದಳು. ಅಲ್ಲಿ ಅವಳ ಗಿರಾಕಿಯಾಗಿದ್ದ ಒಬ್ಬ ಡಾಕ್ಟರಮ್ಮನ ಸೀರೆಗೆ ದರ ಕಟ್ಟುತ್ತ ಕಟ್ಟುತ್ತಲೇ ಮಗನ ವಿಷಯ ತೆಗೆದಳಂತೆ. ಡಾಕ್ಟರಮ್ಮ ಹೇಳಿದ್ದನ್ನು ಅವಳು ನನಗೆ ಹೇಳಿದ್ದು ಹೀಗೆ:

“ಬಿಡ್ಸಾಕ ಟೈಮ್ ಹಿಡಿತದಂತ ತಂಗಿ. ಬಿಡೂ ತನಕ ಬದುಕಿರಬೇಕಲ್ಲ? ಒಬ್ಬನ ರಗತ ಸೂಜಿ ತೂತಿನ್ಯಾಗ ಉಳಿತದಂತ, ಕಣ್ಣಿಗೆ ಕಾಣಂಗಿಲ್ಲಂತ. ಅದು ಇನ್ನೊಬ್ಬನ ಮೈಯಾಗ ಹೋತು ಅಂದ್ರ ಏಡ್ಸ್ ಬರಬೌದು, ಕಾಮಾಲಿ ಬರಬೌದು. ಚಟ ಹಚ್ಚಿಕೊಂಡಾನ ಅಂದ್ರ ಅವಗ ಅವಂದಾ ಹೊಸಾ ಸೂಜಿ ಇರ್ಲಿ ಅಂದ್ಳು. ಬೆಲೆ ಬಾಳೂ ಮಾತು ಹೇಳಿದ್ಳಂತ ಸೀರಿಗೆ ದೊಡ್ಡ ಡಬ್ಬಿನೇ ಕೊಟ್ಟು ಬಂದೆ.”

ಮೊದಲು ಅವಳು ಒಂದೇ ಒಂದು ಹೊಸ ಸಿರಿಂಜು ತಂದು ಮಗನ ದಿಂಬಿನ ಕೆಳಗೆ ಇಟ್ಟಳು. ಪ್ಲಾಸ್ಟಿಕ್ಕಿನದು, ಕಾಗದದಲ್ಲಿ ಸುತ್ತಿದ್ದು. ಸಂಜೆಗೆ ಅದು ಜಾಲಿ ಮರದ ಕೆಳಗೆ ಐವರ ಕೈ ದಾಟಿ ಇಟ್ಟಿಗೆ ಸಂದಿ ಸೇರಿತ್ತು.

“ಹಾಳಾದಂವ, ಎಂಥಾ ದೊಡ್ಡ ಮನಸು ನೋಡು ಇವಂದು! ಒಂದು ಬೀಡಿ ಕೇಳಿದ್ರ ಕೊಡಂಗಿಲ್ಲ, ಸೂಜಿ ಹಂಚ್ಯಾನ!” ಎಂದು ಗೋಡೆಯ ಆಚೆಯಿಂದ ಅವಳು ಕೂಗಿದ್ದು ನನಗೆ ಕೇಳಿಸಿತು. ನಂತರ ದನಿ ತಗ್ಗಿತು. “ಇವಗೊಬ್ಬಗ ಕೊಟ್ರ ಕೊಟ್ಟಂಗಲ್ಲ ತಂಗಿ. ಎಲ್ಲಾರಿಗೂ ಕೊಡಬೇಕು.”

ಅಮ್ಮ ದಿಂಬಿನ ಕೆಳಗೆ ಇಟ್ಟಳೆಂದು ತಿಳಿದ ದಿನದಿಂದ ಅಲ್ಲಾಭಕ್ಷ್ ನಾಚಿಕೆಯಿಂದ ಅವಳ ಮುಖ ನೋಡುವುದನ್ನು ಬಿಟ್ಟ. ಊಟಕ್ಕೂ ಅವಳು ಹೊರಗೆ ಹೋದ ಹೊತ್ತು ನೋಡಿ ಬರುತ್ತಿದ್ದ.

ಸಿರಿಂಜು ತರುವುದು ಎಲ್ಲಿಂದ? ಪೇಟೆಯಲ್ಲಿ ದ್ಯಾವಪ್ಪ ಎಂಬುವನ ಔಷಧಿ ಅಂಗಡಿಯಿತ್ತು. “ಭಾಂಡೆ ಮಾರೋಳಿಗೆ ಡಬ್ಬಿಗಟ್ಲೆ ಸಿರಿಂಜ್ ಯಾಕ?” ಎಂದು ಅವನು ಕೊಡಲಿಲ್ಲ. ಆದರೆ ಅವನ ಹೆಂಡತಿ ಮಾರೆಮ್ಮ ಎರಡು ವರ್ಷದಿಂದ ಜಮೀಲಾಬೀಯ ಬುಟ್ಟಿಯಲ್ಲಿದ್ದ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರಿನ ಮೇಲೆ ಕಣ್ಣಿಟ್ಟಿದ್ದಳು. ಹಳೆಯ ಸೀರೆ ಎಷ್ಟು ಕೊಟ್ಟರೂ ಜಮೀಲಾಬೀ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಈಗ ಬಿಟ್ಟುಕೊಟ್ಟಳು. ಗಂಡ ಮಧ್ಯಾಹ್ನ ಮಲಗಿದಾಗ ಮಾರೆಮ್ಮ ಹಿಂದಿನ ಬಾಗಿಲಿನಿಂದ ಸಿರಿಂಜಿನ ಡಬ್ಬಿ ದಾಟಿಸತೊಡಗಿದಳು. ಕ್ಯಾರಿಯರಿಗೆ ಒಂದಷ್ಟು, ಹೂಜಿಗೆ ಒಂದಷ್ಟು, ಮುಚ್ಚಳದ ಬೋಗುಣಿಗೆ ಒಂದಷ್ಟು. ದ್ಯಾವಪ್ಪನಿಗೆ ಗೊತ್ತಾದದ್ದು ಇಷ್ಟೇ: ಅಂಗಡಿಯಲ್ಲಿ ಸಿರಿಂಜು ಬೇಗ ಬೇಗ ಖಾಲಿಯಾಗುತ್ತಿವೆ, ಮನೆಯಲ್ಲಿ ನೀರು ಕುಡಿಯುವ ಲೋಟ ದೊಡ್ಡದಾಗಿದೆ.

ಹಳೆಯದನ್ನು ವಾಪಸು ತೆಗೆದುಕೊಳ್ಳುವ ನಿಯಮ ಬಂದದ್ದು ನಮ್ಮ ಮನೆಯಿಂದ. ಒಂದು ದಿನ ಆದೆಮ್ಮ ಮಿಲ್ಲಿನ ಗೋಡೆಯ ಹತ್ತಿರ ಬಿದ್ದಿದ್ದ ಸಿರಿಂಜು ಹೆಕ್ಕಿ ತಂದು ಗೊಂಬೆಗೆ ಜ್ವರದ ಇಂಜೆಕ್ಷನ್ ಮಾಡುತ್ತಿದ್ದಳು. ನಾನು ಕಿರುಚಿದ ದನಿಗೆ ಜಮೀಲಾಬೀ ಓಡಿಬಂದಳು. ಸಿಟ್ಟಿನಲ್ಲಿ ನಾನು, “ಕೊಡೂದಾದ್ರ ಹಳೇದು ವಾಪಸ್ ತಗೊಂಡು ಕೊಡ್ರಿ. ಸೀರಿ ತಗೊಳ್ಳದ ಭಾಂಡೆ ಕೊಡ್ತೀರೇನು?” ಎಂದೆ. ಅವಳು ಹಣೆ ಬಡಿದುಕೊಂಡಳು. ಅಷ್ಟು ವರ್ಷ ಅದೇ ವ್ಯಾಪಾರ ಮಾಡಿದವಳಿಗೆ ಅದು ಹೊಳೆದಿರಲಿಲ್ಲ.

ಅಂದಿನಿಂದ ದಿನಾ ನಾಲ್ಕು ಗಂಟೆಗೆ ಅವಳು ಜಾಲಿ ಮರದ ಕೆಳಗೆ ಕೂರುತ್ತಿದ್ದಳು. ಎಡಕ್ಕೆ ಹೊಸ ಸಿರಿಂಜಿನ ಚೀಲ, ಬಲಕ್ಕೆ ನಾನು ಕೊಟ್ಟ ಖಾಲಿ ಡಾಲ್ಡಾ ಡಬ್ಬಿ. ಡಬ್ಬಿಯ ಮುಚ್ಚಳದಲ್ಲಿ ಸೂಜಿ, ಸಿರಿಂಜು ಹೋಗುವಷ್ಟು ಮಾತ್ರ ತೂತು. ಒಮ್ಮೆ ಒಳಗೆ ಬಿದ್ದದ್ದನ್ನು ಯಾರೂ ಹೊರಗೆ ತೆಗೆಯುವಂತಿಲ್ಲ. ಒಳಗೆ ಬ್ಲೀಚಿಂಗ್ ಪೌಡರಿನ ನೀರು. ಒಂದು ಹಳೆಯದಕ್ಕೆ ಒಂದು ಹೊಸದು. ಡಬ್ಬಿ ತುಂಬಿದಾಗ ಮುಕ್ಕುಂದದ ದಾರಿಯಲ್ಲಿದ್ದ ಇಟ್ಟಿಗೆ ಭಟ್ಟಿಗೆ ಒಯ್ದು ಬೆಂಕಿಗೆ ಹಾಕಿ ಬರುತ್ತಿದ್ದಳು.

ಮೊದಲ ತಿಂಗಳು ಸರಿಯಾಗಿಯೇ ನಡೆಯಿತು. ಐವರು ಹತ್ತಾದರು, ಹೆದ್ದಾರಿಯ ಬೇರೆ ಡ್ರೈವರುಗಳೂ ಬಂದರು. ಅಲ್ಲಾಭಕ್ಷ್ ಮಾತ್ರ ಬರಲಿಲ್ಲ. ತನ್ನ ಪಾಲಿನದನ್ನು ತಾಯಪ್ಪ ಎಂಬ ಡ್ರೈವರನ ಕೈಯಲ್ಲಿ ತರಿಸಿಕೊಳ್ಳುತ್ತಿದ್ದ. “ತಾಯಪ್ಪ ಎರಡು ಒಯ್ದ” ಎಂದು ಜಮೀಲಾಬೀ ಸಂಜೆ ನನಗೆ ಹೇಳುತ್ತಿದ್ದಳು. ಅಷ್ಟು ಹೇಳಿದರೆ ಸಾಕಿತ್ತು. ಅವತ್ತು ಮಗ ಯಾರ ಸೂಜಿಯನ್ನೂ ಮುಟ್ಟಿಲ್ಲ ಎಂದು ನನಗೆ ತಿಳಿಯುತ್ತಿತ್ತು.

ಕೆಟ್ಟದ್ದು ವ್ಯಾಪಾರದ ಬುದ್ಧಿಯಿಂದ. ನಮ್ಮ ಕಡೆ ಯಾರೂ ಹಳೆಯ ವಸ್ತುವನ್ನು ಸುಮ್ಮನೆ ತೆಗೆದುಕೊಳ್ಳುವುದಿಲ್ಲ. ಹಳೆಯ ಬಟ್ಟೆ ಕೊಂಡರೆ ಸಂತೆಯಲ್ಲಿ ಮಾರುತ್ತಾರೆ, ಹಳೆಯ ಗೋಣಿ ಕೊಂಡರೆ ಮಿಲ್ಲಿಗೆ ಕೊಡುತ್ತಾರೆ. ಹಾಗಾದರೆ ಜಮೀಲಾಬೀ ಹಳೆಯ ಸೂಜಿಯನ್ನು ಎಲ್ಲಿಗೆ ಕೊಡುತ್ತಾಳೆ? ಬೆಂಕಿಗೆ ಹಾಕುತ್ತೇನೆ ಎಂದು ಅವಳು ಹೇಳಿದಷ್ಟೂ ಜನ ನಕ್ಕರು.

“ಬೆಂಕಿಗೆ ಹಾಕ್ತಾಳಂತ! ನಾವೇನು ಹುಲ್ಲು ತಿಂತೀವೇನು?” ಎಂದು ತಾಯಪ್ಪ ಲಾರಿಯ ಬಾಗಿಲಿಗೆ ಒರಗಿ ಎಲ್ಲರಿಗೂ ವಿವರಿಸುತ್ತಿದ್ದ. “ಹೈದರಾಬಾದಿನ್ಯಾಗ ಕಾರ್ಖಾನಿ ಅದ. ಸೂಜಿ ಕರಗಸ್ತಾರ, ತಾಟು ಮಾಡ್ತಾರ. ಆ ತಾಟೇ ಆಕಿ ಬುಟ್ಟ್ಯಾಗ ಬರ್ತದ. ಸೂಜಿ ಸ್ಟೀಲ್ ಅಂದ್ರ ಒಂದನೇ ನಂಬರ್ ಸ್ಟೀಲ್.”

ಈ ಮಾತು ಎರಡು ಕಡೆ ಹೋಯಿತು. ಒಂದು, ಬಳಗಾನೂರಿಗೆ. ಅಲ್ಲಿ ಹೆಂಗಸರು ಅವಳ ಬುಟ್ಟಿ ಇಳಿಸಿಕೊಳ್ಳಲಿಲ್ಲ. “ಸೂಜಿ ತಾಟಿನ್ಯಾಗ ಉಂಡ್ರ ಹೊಟ್ಟ್ಯಾಗ ಚುಚ್ತದಂತಲ್ಲ ಭಾಂಡೆಮ್ಮ” ಎಂದರು. ಒಬ್ಬಳಂತೂ ಹೋದ ವರ್ಷ ಕೊಂಡಿದ್ದ ತಟ್ಟೆ ತಂದು, ತನ್ನ ಗಂಡನಿಗೆ ಆವಾಗಿನಿಂದ ಹೊಟ್ಟೆನೋವು ಇದೆಯೆಂದು, ಸೀರೆ ವಾಪಸು ಕೇಳಿದಳು. ಇನ್ನೊಂದು, ಮಾತು ಜಾಲಿ ಮರದ ಕೆಳಗೆ ಹೋಯಿತು. ಅದು ಹೆಚ್ಚಿನ ಕೇಡು ಮಾಡಿತು. ಸೂಜಿಗೆ ಬೆಲೆಯಿದೆ ಎಂದಾದ ಮೇಲೆ ಅದನ್ನು ಈಗಲೇ ಏಕೆ ಬಿಟ್ಟುಕೊಡಬೇಕು? ಭತ್ತ ಹಿಡಿದಿಟ್ಟಂತೆ ಜನ ಹಳೆಯ ಸೂಜಿ ಹಿಡಿದಿಟ್ಟರು. ದರ ಏರುತ್ತದೆ, ಸುಗ್ಗಿ ಕಳೆಯಲಿ, ಎಂದು ಕಾದರು. ತಾಯಪ್ಪ ತನ್ನ ಲಾರಿಯ ಟೂಲ್ ಬಾಕ್ಸಿನಲ್ಲಿ ಒಂದು ಕಟ್ಟು ಇಟ್ಟುಕೊಂಡಿದ್ದ.

ಹಳೆಯದು ಬಾರದೆ ಹೊಸದು ಹೋಗುವುದಿಲ್ಲ. ಡಬ್ಬಿ ಖಾಲಿ, ಚೀಲ ತುಂಬಿತ್ತು. ಜಾಲಿ ಮರದ ಕೆಳಗೆ ಮತ್ತೆ ಒಂದು ಸೂಜಿ ಐವರ ಕೈಯಲ್ಲಿ ತಿರುಗತೊಡಗಿತು. ಜಮೀಲಾಬೀ ಅದನ್ನು ಕಣ್ಣಾರೆ ಕಂಡು ಬಂದಳು. ಬಂದವಳೇ ನಮ್ಮ ಹೊಸ್ತಿಲ ಮೇಲೆ ಕುಳಿತಳು.

“ಗ್ಯಾನಪ್ಪಂದು ಕೈ ಎಷ್ಟು ಸಣ್ಣ ಆಗಿತ್ತು ಗೊತ್ತೇನು? ನನ್ನ ಕೈಬಳಿ ಅವನ ಮೊಣಕೈ ತನಕ ಏರ್ತಿತ್ತು” ಎಂದಳು. ಕೈಯ ಬಳೆ ತಿರುಗಿಸಿದಳು. ನಾನು ಚಹಾ ಕೊಟ್ಟೆ.

“ಹಂಗಾದ್ರ ಸುಮ್ನ ಹಂಚಿಬಿಡ್ರಿ, ಹಳೇದು ಬ್ಯಾಡ” ಎಂದೆ.

“ಸುಮ್ನ ಕೊಟ್ರ ಎರಡರಾಗ ಒಂದು. ಇಲ್ಲಾ ಪುಕ್ಕಟ್ಟೆದ್ದು ಕೆಟ್ಟದ್ದು ಅಂತಾರ, ಇಲ್ಲಾ ಹಳೇದು ನಿನ್ನ ಮಗಳ ಗೊಂಬಿಗೆ ಚುಚ್ತದ.” ಚಹಾ ಮುಗಿಸಿ ಲೋಟ ಬೋರಲು ಇಟ್ಟಳು. “ಹಿಡಿದಿಟ್ಟವರನ್ನ ಹ್ಯಾಂಗ ಬಿಡಿಸಬೇಕು ನನಗ ಗೊತ್ತದ. ನಾಳೆ ದರ ಇಳಸ್ತೀನಿ.”

ಮರುದಿನ ಬೆಳಿಗ್ಗೆ ಲಾರಿ ನಿಲ್ಲುವ ಜಾಗದಲ್ಲಿ ಬುಟ್ಟಿ ಹೊತ್ತು ನಿಂತು ಅವಳು ಕೂಗಿದಳು: “ಕೇಳ್ರಲೇ! ಕಾರ್ಖಾನಿಯವರು ಸೂಜಿ ಸಾಕು ಅಂದಾರ. ಇವತ್ತಿನ ದರ ಎರಡು ಹಳೇದಕ್ಕ ಒಂದು ಹೊಸಾದು. ನಾಳೆ ಮೂರಕ್ಕ ಒಂದು. ನಾಡಿದ್ದು ಅಂಗಡಿ ಬಂದ್!”

ಇಷ್ಟು ದಿನ ಅವಳು ಹೇಳಿದ ನಿಜವನ್ನು ಯಾರೂ ನಂಬಿರಲಿಲ್ಲ. ಈ ಸುಳ್ಳನ್ನು ಸಿಂಧನೂರು ಒಂದೇ ಗುಟುಕಿಗೆ ನುಂಗಿತು.

ನಾಲ್ಕು ಗಂಟೆಗೆ ಜಾಲಿ ಮರದಿಂದ ರಸ್ತೆಯವರೆಗೆ ಸಾಲು. ಆದೆಮ್ಮನನ್ನು ಸೊಂಟಕ್ಕೆ ಎತ್ತಿಕೊಂಡು ನಾನೂ ಹೋದೆ. ತಾಯಪ್ಪ ತನ್ನ ಕಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದ. ಅವನ ಹಿಂದೆ ಡ್ರೈವರುಗಳು. ಅವರ ಹಿಂದೆ, ಇಂಜೆಕ್ಷನ್ನಿಗೂ ತಮಗೂ ಸಂಬಂಧವೇ ಇಲ್ಲದ ಊರ ಮಂದಿ. ದರ ಬೀಳುತ್ತಿದೆ ಎಂದ ಮೇಲೆ ಮನೆಯಲ್ಲಿದ್ದದ್ದನ್ನು ಇಟ್ಟುಕೊಂಡು ಕೂರಲಾಗುತ್ತದೆಯೇ? ಮಿಲ್ಲಿನ ಹಮಾಲರು ಗೋಣಿ ಹೊಲಿಯುವ ದಬ್ಬಣ ತಂದಿದ್ದರು. ಒಬ್ಬ ಎತ್ತಿಗೆ ಚುಚ್ಚುವ ಮೊಳದಂಥ ಸೂಜಿ ತಂದು, ಇದು ದೊಡ್ಡದು, ಇದಕ್ಕೆ ನಾಲ್ಕು ಕೊಡಬೇಕೆಂದು ವಾದಿಸುತ್ತಿದ್ದ. ಸಕೀನಾಬೀ ಎಂಬ ಮುದುಕಿ ಸ್ಟೋವಿನ ಪಿನ್ನು ಹಿಡಿದು ನಿಂತಿದ್ದಳು.

“ಇದು ಸ್ಟೋ ಪಿನ್ನಲ್ಲೇನಬೇ?” ಎಂದಳು ಜಮೀಲಾಬೀ.

“ಚುಚ್ತದಲ್ಲ? ಚುಚ್ಚೂದೆಲ್ಲಾ ಸೂಜಿನೇ. ಒಂದು ಚಮಚ ಕೊಡು, ಸಾಕು.”

“ಸೂಜಿಗೆ ಸೂಜಿ. ಚಮಚ ಇಲ್ಲ, ನಡಿ ಅತ್ತಾಗ.”

ಸಾಲಿನಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಏಳೆಂಟು ಮಂದಿಯ ಕೈಯಲ್ಲಿ ಒಂದೇ ಥರದ ಸೂಜಿ. ಹಿತ್ತಾಳೆಯ ತಲೆಯವು, ಗಾಜಿನ ಸಿರಿಂಜಿಗೆ ಹಾಕುವಂಥವು. ಅವು ಎಲ್ಲಿಯವು ಎಂದು ನಾನು ಯೋಚಿಸುವಷ್ಟರಲ್ಲಿ ಒಂದೊಂದಾಗಿ ಡಬ್ಬಿಗೆ ಬಿದ್ದವು. ಕೊನೆಯದು ಬಿದ್ದ ಹೊತ್ತಿಗೆ ಸೂಗಪ್ಪ ಡಾಕ್ಟರ್ ಧೋತರ ಎತ್ತಿ ಹಿಡಿದು ಓಡುತ್ತ ಬಂದ.

ಸೂಗಪ್ಪ ಯಾವ ಕಾಲೇಜಿನ ಡಾಕ್ಟರನೂ ಅಲ್ಲ. ಎಲ್ಲೋ ಕಾಂಪೌಂಡರ್ ಆಗಿದ್ದು ಬಂದವನು, ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಾಕಿಕೊಂಡಿದ್ದ. ನಮ್ಮ ಕಡೆ ಗುಳಿಗೆ ಕೊಟ್ಟವನು ಡಾಕ್ಟರನಲ್ಲ, ಸೂಜಿ ಚುಚ್ಚಿದವನೇ ಡಾಕ್ಟರ್. ನೆಗಡಿಗೆ ಬಿಳಿ ಇಂಜೆಕ್ಷನ್, ನಿತ್ರಾಣಕ್ಕೆ ಕೆಂಪು ಇಂಜೆಕ್ಷನ್, ನಾಟಿಯ ಕೆಲಸದ ಹೆಣ್ಣಾಳುಗಳಿಗೆ ಎರಡೂ ಬಣ್ಣ, ಸೊಂಟದ ಎರಡೂ ಕಡೆ. ಆ ಮಧ್ಯಾಹ್ನ ಅವನು ಊಟಕ್ಕೆ ಎದ್ದು ಹೋದಾಗ, ಸೂಜಿಗಳಿದ್ದ ತಟ್ಟೆಯನ್ನು ರೋಗಿಗಳೇ ಖಾಲಿ ಮಾಡಿದ್ದರು.

“ಕಳ್ರು! ಎಲ್ಲಾ ಕಳ್ರು! ಚೀಟಿ ಬರಸಾಕ ಬಂದವ್ರು ಸೂಜಿ ಎತ್ಯಾರ!” ಎಂದು ಸೂಗಪ್ಪ ಏದುಸಿರು ಬಿಟ್ಟ. “ಹನ್ನೆರಡು ಸೂಜಿ! ಎಲ್ಲಾ ಈ ಡಬ್ಬ್ಯಾಗ ಬಿದ್ದಾವ. ತೆಗಿ ಹೊರಗ!”

“ಗುರ್ತು ಹಿಡೀರಿ ಡಾಕ್ಟರ್ರ” ಎಂದಳು ಜಮೀಲಾಬೀ ಶಾಂತವಾಗಿ. “ಮುಚ್ಚಳ ತೆಗಿತೀನಿ, ಕೈ ಹಾಕ್ರಿ. ನಿಮ್ವು ಯಾವಂತ ಆರಿಸ್ಕೋರಿ.”

ಸೂಗಪ್ಪ ಡಬ್ಬಿಯತ್ತ ಬಗ್ಗಿದ. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಕೈ ಹಿಂದೆ ತೆಗೆದುಕೊಂಡ.

ಹೊತ್ತಿಳಿಯುವ ತನಕ ವ್ಯಾಪಾರ ನಡೆಯಿತು. ಸೂಗಪ್ಪ ನಿಂತೇ ಇದ್ದ, ಯಾರನ್ನು ಬೈಯಬೇಕು ಎಂದು ತಿಳಿಯದೆ. ಸಾಲು ಕರಗಿತು, ಆದರೆ ಜನ ಹೋಗಲಿಲ್ಲ, ನೋಡುತ್ತ ನಿಂತರು. ಎಲ್ಲರಿಗಿಂತ ಕೊನೆಗೆ ಬಂದವನು ಅಲ್ಲಾಭಕ್ಷ್.

ತಾಯಪ್ಪ ಹೊಸದನ್ನೆಲ್ಲ ತನ್ನ ಜೇಬಿಗೆ ಹಾಕಿಕೊಂಡು ಹೈದರಾಬಾದಿನ ದಾರಿ ಹಿಡಿದುಬಿಟ್ಟಿದ್ದ. ಹಾಗಾಗಿ ಇವನೇ ಬರಬೇಕಾಯಿತು. ಬಿಸಿಲಿನಲ್ಲೂ ತುಂಬುತೋಳಿನ ಅಂಗಿ. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದ. ಹಣೆಯ ಮೇಲೆ ಬೆವರು. ಅವನಿಗೆ ಇಂಜೆಕ್ಷನ್ ಈಗಲೇ, ಈ ಗಳಿಗೆಯೇ ಬೇಕಾಗಿತ್ತು ಎಂಬುದು ನನಗೂ ಕಾಣುತ್ತಿತ್ತು. ಬಲಗೈ ಚಾಚಿದ. ಅದರಲ್ಲಿ ಒಂದೇ ಒಂದು ಹಳೆಯ ಸೂಜಿ. ಇಟ್ಟಿಗೆ ಸಂದಿಯದು. ಐವರದು.

ಜಮೀಲಾಬೀ ಅದನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ಮಗ ಎದುರಿಗೆ ನಿಂತಿದ್ದ.

“ದರ ಎರಡಕ್ಕ ಒಂದು, ಬೇಟಾ” ಎಂದಳು. ದನಿ ಸಣ್ಣಗಾಗಿತ್ತು.

“ನನ್ನ ಹತ್ರ ಒಂದೇ ಅದ.”

“ಎರಡು ಬೇಕು.”

“ಮಗಗೂ ಎರಡಾ ಅಮ್ಮಾ?”

ಸುತ್ತಲಿದ್ದವರು ಕಿವಿ ನಿಮಿರಿಸಿದರು. ಅವಳು ಒಂದಕ್ಕೆ ಒಂದು ಕೊಟ್ಟರೆ ದರ ಇಳಿದದ್ದು ಸುಳ್ಳೆಂದು ಅಲ್ಲಿಯೇ ಗೊತ್ತಾಗುತ್ತದೆ, ನಾಳೆಯಿಂದ ಮತ್ತೆ ಹಿಡಿದಿಡುತ್ತಾರೆ. ಕೊಡದಿದ್ದರೆ ಇವನು ಆ ಗೋಡೆಯ ಹಿಂದೆ ಹೋಗಿ ಕೈಯಲ್ಲಿರುವುದನ್ನೇ ಚುಚ್ಚಿಕೊಳ್ಳುತ್ತಾನೆ. ಅವಳ ಎಡಗೈ ಚೀಲದ ಮೇಲೆ ಇತ್ತು. ನಾನು ಮನಸ್ಸಿನಲ್ಲೇ ನಮ್ಮ ಮನೆಯ ಗೂಡುಗಳನ್ನೆಲ್ಲ ಹುಡುಕಿದೆ. ಗುಂಡಿ ಹಚ್ಚುವ ಸೂಜಿ ಬಿಟ್ಟರೆ ಏನೂ ನೆನಪಾಗಲಿಲ್ಲ.

ಆಗ ಜಮೀಲಾಬೀಯ ಕಣ್ಣು ಸೂಗಪ್ಪನ ಅಂಗಿಯ ಜೇಬಿನ ಮೇಲೆ ಹೋಯಿತು. ಅಲ್ಲಿ ಪೆನ್ನಿನ ಪಕ್ಕದಲ್ಲಿ, ಹತ್ತಿಯಲ್ಲಿ ಸುತ್ತಿದ ಹಿತ್ತಾಳೆಯ ತಲೆಯೊಂದು ಇಣುಕುತ್ತಿತ್ತು.

“ಡಾಕ್ಟರ್ರ, ಕಿಸೆದಾಗಿಂದು ನನ್ನ ಮಗಗ ಕೊಡ್ರಿ.”

ಸೂಗಪ್ಪ ಎರಡೂ ಕೈಯಿಂದ ಜೇಬು ಮುಚ್ಚಿಕೊಂಡ. “ಇದನ್ನ ಮಾತ್ರ ಕೇಳಬ್ಯಾಡ! ಇದು ನನ್ನ ಕೈಗುಣದ ಸೂಜಿ. ಊಟಕ್ಕ ಹೋಗೂ ಮುಂದನೂ ಬಿಟ್ಟು ಹೋಗಂಗಿಲ್ಲ. ನಾಕು ವರ್ಷ ಆತು, ಒಮ್ಮೆನೂ ಮಣಿದಿಲ್ಲ. ಕಲ್ಲಿಗೆ ತಿಕ್ಕಿ ಚೂಪು ಮಾಡೀನಿ. ಇಡೀ ಊರಿಗೆ ಇದರಾಗೇ ಚುಚ್ಚೀನಿ!”

ಹೆಮ್ಮೆಯಿಂದಲೇ ಹೇಳಿದ. ಒಬ್ಬ ಹಮಾಲ ಮೆಲ್ಲಗೆ ಕೇಳಿದ: “ನನಗೂ ಅದೇನ್ರೀ?”

“ನಿನಗೂ ಅದೇ.”

“ನಮ್ಮವ್ವಗ?”

“ನಿಮ್ಮವ್ವಗೂ. ಹೋದ ವಾರ ಮಾಡಿದ್ನಲ್ಲ, ಕೆಂಪುದು.”

ಮರಕ್ಕೆ ಒರಗಿದ್ದ ಒಬ್ಬ ಡ್ರೈವರ್, ಆ ಐವರಲ್ಲಿ ಒಬ್ಬ, ಕೈ ಎತ್ತಿದ. “ಡಾಕ್ಟರ್ರ, ನನಗ ಚಳಿಜ್ವರ ಬಂದಾಗ?”

“ನಿನಗೂ... ಅದೇ” ಎಂದ ಸೂಗಪ್ಪ. ಈಗ ದನಿಯಲ್ಲಿ ಹೆಮ್ಮೆ ಕಡಿಮೆಯಾಗಿತ್ತು. “ಕುದಸ್ತೀನಲ್ಲ, ಅಮಾಸಿಗೊಮ್ಮೆ.”

ಹಮಾಲ ಡ್ರೈವರನ್ನು ನೋಡಿದ, ಡ್ರೈವರ್ ಹಮಾಲನನ್ನು ನೋಡಿದ. ಸಕೀನಾಬೀ ಸ್ಟೋವಿನ ಪಿನ್ನನ್ನು ಸೆರಗಿಗೆ ಒರೆಸಿಕೊಂಡಳು. ಅಷ್ಟು ದಿನ ಆ ಮರದ ಕೆಳಗಿನವರನ್ನು ಕಂಡರೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದ ಮಂದಿ ಒಬ್ಬೊಬ್ಬರಾಗಿ ತಮ್ಮ ತಮ್ಮ ರಟ್ಟೆ, ತಮ್ಮ ತಮ್ಮ ಸೊಂಟ ಸವರಿಕೊಳ್ಳತೊಡಗಿದರು. ಶ್ರಾವಣದಲ್ಲಿ ಜ್ವರ ಬಂದಾಗ ನಾನು ಆದೆಮ್ಮನನ್ನು ಅವನ ಹತ್ತಿರವೇ ಒಯ್ದಿದ್ದೆ. ಅವಳ ಅಂಗಿಯ ತೋಳು ಸರಿಸಿ ನೋಡಿದೆ. ಕಾಣುವಂಥದ್ದು ಏನಿರುತ್ತದೆ? ಆದರೂ ಬೆರಳು ಒದ್ದೆ ಮಾಡಿ ಆ ಜಾಗ ಉಜ್ಜಿದೆ.

“ಕೊಡ್ರಿ ಡಾಕ್ಟರ್ರ” ಎಂದ ಹಮಾಲ. ಅವನ ದನಿ ಮೊದಲಿನಂತಿರಲಿಲ್ಲ. “ಕೊಡ್ರಿ ಅಂದ್ರ ಕೊಡ್ರಿ” ಎಂದರು ಹಿಂದಿನವರು.

ಸೂಗಪ್ಪ ಹತ್ತಿ ಬಿಡಿಸಿದ. ಅಲ್ಲಾಭಕ್ಷನ ಕೈಗೆ ಇಟ್ಟ. ಎರಡು ಸೂಜಿ ಒಂದಾದ ಮೇಲೊಂದು ತೂತಿನೊಳಗೆ ಬಿದ್ದು ಡಬ್ಬಿಯ ತಳದಲ್ಲಿ ಸದ್ದಾಯಿತು. ಜಮೀಲಾಬೀ ಚೀಲದಿಂದ ಹೊಸದು ತೆಗೆದು ಕಾಗದ ಹರಿದಿಲ್ಲವೆಂದು ತಿರುಗಿಸಿ ನೋಡಿ, ಮಗನ ಅಂಗೈಗೆ ಇಟ್ಟಳು. “ಮಂಗ್ಯಾನ ಮಗನ, ಯಾರಿಗರ ಹಂಚಿದಿ ಅಂದ್ರ ಕಾಲು ಮುರಿತೀನಿ” ಎಂದಳು. ಅವನು ತಲೆಯಾಡಿಸಿದ. ಅಮ್ಮನ ಕೈಯಿಂದಲೇ ತೆಗೆದುಕೊಂಡಿದ್ದ.

“ನನಗ?” ಎಂದ ಸೂಗಪ್ಪ.

“ಎರಡು ಹಳೇವು ತರ್ರಿ, ಒಂದು ಕೊಡ್ತೀನಿ.”

“ನನ್ನ ಹತ್ರ ಈಗ ಒಂದೂ ಇಲ್ಲಲ್ಲ!”

“ಹಂಗಾದ್ರ ದೊಡ್ಡ ಮಂದಿ ಹಂಗ ದ್ಯಾವಪ್ಪನ ಅಂಗಡ್ಯಾಗ ಕೊಂಡು ತರ್ರಿ.”

ಆಮೇಲೆ ಸೂಗಪ್ಪನ ಕೋಣೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಇಂಜೆಕ್ಷನ್ ಬೇಕಾದವರು ತಮ್ಮ ತಮ್ಮ ಸಿರಿಂಜನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಮದುವೆಗೆ ಆಹೇರಿಯ ಉಡುಗೊರೆ ಒಯ್ಯುವವರಂತೆ ಬರತೊಡಗಿದರು. ಕಾಗದ ಒಡೆಯುವುದು ತಮ್ಮ ಕಣ್ಣೆದುರಿಗೇ ಆಗಬೇಕು. ಕೆಲವರು ಚುಚ್ಚಿಸಿಕೊಂಡ ಮೇಲೆ ಅದನ್ನು ಮನೆಗೆ ಒಯ್ಯುತ್ತೇವೆಂದು ಹಟ ಹಿಡಿಯುತ್ತಿದ್ದರು, ದರ ಏರಿದರೆ ಇರಲಿ ಎಂದು. ಸೂಗಪ್ಪ ಸಿಟ್ಟಿನಿಂದ ಕೆಂಪು ಇಂಜೆಕ್ಷನ್ ಕೇಳಿದವರಿಗೆ ಬಿಳಿಯದನ್ನೇ ಮಾಡುತ್ತಿದ್ದನಂತೆ.

ಅದಾಗಿ ಐದನೆಯ ದಿನ ಮಧ್ಯಾಹ್ನ ಜಮೀಲಾಬೀ ನಮ್ಮ ಮನೆಗೆ ಬಂದಳು. ಒಗೆದ ಸೀರೆ ಉಟ್ಟಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಡಾಲ್ಡಾ ಡಬ್ಬಿ, ಹೆಗಲಿಗೆ ಸಿರಿಂಜಿನ ಚೀಲ. ಹೊರಗೆ ಕಟ್ಟೆಯ ಮೇಲೆ ಅಲ್ಲಾಭಕ್ಷ್ ಕುಳಿತಿದ್ದ. ಅವನ ಎಡಗೈ ಕುಂಬಳಕಾಯಿಯಂತೆ ಬಾತಿತ್ತು. ದರ ಇಳಿಯುವ ಮೊದಲು ಆ ಐವರ ಸೂಜಿ ಚುಚ್ಚಿಕೊಂಡ ಜಾಗ ಕೀವು ಕಟ್ಟಿತ್ತು.

“ಲಿಂಗಸುಗೂರಿನ ಡಾಕ್ಟರಮ್ಮ ನೋಡಿದ್ಳು. ಬಳ್ಳಾರಿ ದೊಡ್ಡ ದವಾಖಾನಿಗೆ ಹೋಗ್ರಿ ಅಂತ ಚೀಟಿ ಕೊಟ್ಟಾಳ. ಕೊಯ್ದು ಕೀವು ತೆಗಿಬೇಕಂತ. ರಗತಾನೂ ನೋಡ್ತಾರಂತ.” ‘ರಗತ’ ಎಂದಾಗ ಅವಳು ನನ್ನ ಮುಖ ನೋಡಲಿಲ್ಲ. “ಈ ಇಂಜೆಕ್ಷನ್ ಚಟ ಕಡಿಮಿ ಮಾಡೂ ಡಾಕ್ಟರ್ ಒಬ್ರು ಅದಾರಂತ ಅಲ್ಲಿ. ಬರ್ತೀಯೇನು ಅಂತ ಕೇಳಿದೆ. ಹೂಂ ಅಂದ. ಮನಸು ತಿರುಗೂದ್ರಾಗ ಬಸ್ಸಿಗೆ ಹತ್ತಸಬೇಕು.”

“ಚೊಲೋ ಆತು, ಹೋಗಿ ಬರ್ರಿ. ರೊಟ್ಟಿ ಕಟ್ಟಿಕೊಡ್ತೀನಿ” ಎಂದೆ.

“ರೊಟ್ಟಿ ಇರ್ಲಿ.” ಡಬ್ಬಿಯನ್ನು ನನ್ನ ಕಾಲ ಹತ್ತಿರ ಇಟ್ಟಳು. “ಎಂಟ್ಹತ್ತು ದಿನ ಆಗತದ. ನಾಕು ಗಂಟಿಗೆ ನೀ ಹೋಗಿ ಕುಂದ್ರು ತಂಗಿ. ನಾಕು ದಿನ ಬಂದ್ ಆದ್ರ ಸಾಕು, ಅವ್ರು ಮತ್ತ ಒಂದರಾಗ ಚುಚ್ಕೋತಾರ. ದರ ಮತ್ತ ಒಂದಕ್ಕ ಒಂದು ಮಾಡು. ಕಾರ್ಖಾನಿ ತೆರದಾರ ಅನ್ನು.”

ನಾನು ಒಳಗೆ ಹೊರಗೆ ನೋಡಿದೆ. ಮಾಸ್ತರ ಹೆಂಡತಿ ಲಾರಿ ನಿಲ್ಲುವ ಜಾಗದಲ್ಲಿ ಕೂರುವುದು. ಮಸ್ಕಿಯ ಬಸ್ಸು ನಿಲ್ಲುವುದೂ ಅದರ ಎದುರಿಗೇ. ಮಗಳನ್ನು ಆ ಹೊತ್ತು ಪಕ್ಕದ ಮನೆಯ ಮುದುಕಿಯ ಹತ್ತಿರ ಬಿಡಬಹುದು. ಬ್ಲೀಚಿಂಗ್ ಪೌಡರು ಮನೆಯಲ್ಲಿ ಇದೆ. “ಆತು” ಎಂದೆ.

“ಇನ್ನೊಂದು. ಕೊಡೂ ಮುಂದ ಬೈಬೇಕು.”

“ಬೈಬೇಕಾ?”

“ಬಾಯಿಗೆ ಬಂದಂಗ. ಸುಮ್ನ ನಗ್ತಾ ಕೊಟ್ಟಿ ಅಂದ್ರ ಸರಕಾರದಾಕಿ ಅಂತ ತಿಳ್ದು ಓಡಿ ಹೋಗ್ತಾರ. ಬೈದ್ರ ಮನಿ ಹೆಣ್ಮಗಳು ಅಂತ ಕುಂದ್ರುತಾರ.”

“ನನಗ ಹಂಗ ಬೈಯಾಕ ಬರಂಗಿಲ್ಲ ಜಮೀಲಮ್ಮ.”

“ಆರು ವರ್ಷ ಆತು ಸಂಸಾರ ಮಾಡಾಕತ್ತು, ಬೈಯಾಕ ಬರಂಗಿಲ್ಲಂತ!” ಅವಳು ಗಂಟನ್ನು ಕೆಳಗಿಟ್ಟು ನಮ್ಮ ಬಾಗಿಲನ್ನು ಅರ್ಧ ಮುಚ್ಚಿದಳು. ಸೆರಗನ್ನು ಬಿಗಿ ಮಾಡಿಕೊಂಡು ನನ್ನ ಎದುರಿಗೆ, ಸೂಜಿ ಕೇಳಲು ಬಂದ ಡ್ರೈವರನಂತೆ ಕೈ ಚಾಚಿ ನಿಂತಳು.

“ಬಸ್ಸಿಗೆ ಇನ್ನಾ ಹೊತ್ತದ. ಅಷ್ಟು ಉಪಕಾರ ಮಾಡು ತಂಗಿ, ನಾ ಹೋಗೂದ್ರಾಗ ನನಗ ಒಂದು ಸಲ ಬೈದು ತೋರ್ಸು.”